ಎರಡು ಗುಂಡಿ ಶೌಚಾಲಯ: ಮೂರಡಿ ಗುಂಡಿ ಸಾಕಾ, ಹತ್ತಡಿ ತೆಗೆಸಬೇಕಾ?

ಎರೆಹೊಲ (ರೋಣ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಊರಲ್ಲಿ ತಮ್ಮ ಬೇರೆ ಮನೆ ಕಟ್ಟಿಸುತ್ತಿದ್ದಾನೆ. ಸಂಡಾಸದ ಗುಂಡಿ ವಿಷಯಕ್ಕೆ ಮನೆಯಲ್ಲಿ ದಿನಾ ವಾದ. ಪಂಚಾಯ್ತಿಯವರು ಎರಡು ಗುಂಡಿ ತೆಗೆಸಿ, ಒಂದೊಂದು ಮೂರು ಅಡಿ ಮೇಲೆ ಸ್ವಲ್ಪ ಇದ್ದರೆ ಸಾಕು ಅನ್ನುತ್ತಾರೆ. ಅದನ್ನು ಕೇಳಿ ಗೌಂಡಿ ನಗುತ್ತಾನೆ. "ಮೂರಡಿ ಗುಂಡಿ ಆರು ತಿಂಗಳಿಗೆ ತುಂಬುತ್ತೆ. ಒಂದೇ ತೆಗೆಸಿ, ಹತ್ತಡಿ ಆಳ, ಆರಡಿ ಅಗಲ. ಒಳಗೆಲ್ಲ ಸಿಮೆಂಟ್ ಬಳಿಸಿ. ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ" ಅಂತಾನೆ. ಅಪ್ಪ ಗೌಂಡಿ ಕಡೆ.

ಹಳೇ ಮನೆಯಲ್ಲಿ ಸ್ಕೀಮಿನಲ್ಲಿ ಕಟ್ಟಿಸಿದ್ದು ಒಂದಿದೆ. ಒಂದೇ ಗುಂಡಿ, ಸಿಮೆಂಟ್ ರಿಂಗ್ ಇಳಿಸಿದ್ದು. ಮಳೆಗಾಲ ಬಂದರೆ ನೀರು ಇಳಿಯಲ್ಲ, ಬೇಸಿನ್‌ನಲ್ಲೇ ನಿಲ್ಲುತ್ತೆ. ನಮ್ಮ ಓಣಿಯಲ್ಲಿ ಬಹಳ ಮನೆಗಳ ಕಥೆ ಇದೇ. ಕೆಲವರು ಅದರಲ್ಲಿ ಕುಳ್ಳು, ಕಟ್ಟಿಗೆ ತುಂಬಿಟ್ಟಿದ್ದಾರೆ. ನಮ್ಮದು ಎರೆ ಭೂಮಿ. ತಮ್ಮನ ಮನೆಯಲ್ಲಿ ಆರು ಜನ. ಈ ಕಡಿಮೆ ಖರ್ಚಿನ ಗುಂಡಿ ನಿಜವಾಗಿ ನಡೆಯುತ್ತಾ? ಕಟ್ಟಿದವರು, ಬಳಸಿದವರು ಹೇಳಿ.

ಗಾರೆ ಮೇಸ್ತ್ರಿ (ತುಮಕೂರು ಕಡೆ)

ನಡೆಯುತ್ತೆ ಅಣ್ಣ. ಸರಿಯಾಗಿ ಕಟ್ಟಿದರೆ.

ಮೊದಲು ನಿಮ್ಮ ಗೌಂಡಿ ಲೆಕ್ಕವನ್ನೇ ನೋಡೋಣ. ಹತ್ತಡಿ ಆಳ, ಆರಡಿ ಅಗಲದ ದುಂಡು ಗುಂಡಿಗೆ ಸುಮಾರು 8,000 ಲೀಟರ್ ಹಿಡಿಯುತ್ತೆ. ಒಬ್ಬರು ದಿನಕ್ಕೆ ಹತ್ತು ಲೀಟರ್ ನೀರು ಹಾಕಿದರೂ ಆರು ಜನಕ್ಕೆ 60 ಲೀಟರ್. ಒಳಗೆ ಪೂರ್ತಿ ಸಿಮೆಂಟ್ ಬಳಿದರೆ ಈ ನೀರು ಎಲ್ಲಿಗೆ ಹೋಗಬೇಕು? ನಾಲ್ಕೂವರೆ ತಿಂಗಳಿಗೆ ಬಾಯಿವರೆಗೆ ಬರುತ್ತೆ. ಮೊಮ್ಮಕ್ಕಳು ಇರಲಿ, ಮುಂದಿನ ಹಬ್ಬಕ್ಕೆ ಟ್ಯಾಂಕರ್ ಕರೆಸಬೇಕು.

ಸಣ್ಣ ಗುಂಡಿ ನಡೆಯೋದು ನೀರು ಮಣ್ಣಿಗೆ ಇಂಗುವುದರಿಂದ. ಒಳಗೆ ಉಳಿಯೋದು ಗಟ್ಟಿ ಮಾತ್ರ, ಅದೂ ಕೊಳೆತು ಕುಗ್ಗುತ್ತೆ. ವರ್ಷಕ್ಕೆ ಒಬ್ಬರಿಂದ 40ರಿಂದ 45 ಲೀಟರ್ ಉಳಿಯುತ್ತೆ ಅಂತ ಲೆಕ್ಕ. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಗೆ 785 ಲೀಟರ್ ಹಿಡಿಯುತ್ತೆ. ಆರು ಜನಕ್ಕೆ ಸುಮಾರು ಮೂರು ವರ್ಷ ಆಯ್ತಲ್ಲ? ಅದು ತುಂಬಿದ ಮೇಲೆ ಪಕ್ಕದ ಗುಂಡಿಗೆ ತಿರುಗಿಸುತ್ತೀರಿ. ಅದು ತುಂಬುವ ಹೊತ್ತಿಗೆ ಮೊದಲನೆಯದು ಒಣಗಿ ಗೊಬ್ಬರ ಆಗಿರುತ್ತೆ.

ಇಟ್ಟಿಗೆ ಕಟ್ಟುವಾಗ ನಡುನಡುವೆ ಸಂದು ಬಿಟ್ಟು ಕಟ್ಟಬೇಕು. ಮೇಲಿನ ಎರಡು ಮೂರು ವರಸೆ ಮಾತ್ರ ಗಟ್ಟಿ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ನಿಮ್ಮ ಹಳೇ ಗುಂಡಿಗೆ ಇಳಿಸಿದ ರಿಂಗ್‌ಗಳಲ್ಲಿ ತೂತು ಇದೆಯಾ ನೋಡಿ. ತೂತಿಲ್ಲದ ರಿಂಗ್ ಇಳಿಸಿ, ಜಾಯಿಂಟಿಗೂ ಸಿಮೆಂಟ್ ಬಳಿದು ಹೋಗಿರುತ್ತಾರೆ. ಕಂಟ್ರಾಕ್ಟರ್‌ಗೆ ಒಂದೇ ದಿನದಲ್ಲಿ ಕೆಲಸ ಮುಗಿಯಬೇಕು, ಅಷ್ಟೇ.

ಹೊಳೆದಂಡೆ

ಲೆಕ್ಕ ಎಲ್ಲಾ ಚೆನ್ನಾಗಿದೆ. ನಮ್ಮೂರು ಬಯಲು ಶೌಚಮುಕ್ತ ಅಂತ ಬೋರ್ಡ್ ಇದೆ. ಬೆಳಿಗ್ಗೆ ಐದಕ್ಕೆ ಆ ಬೋರ್ಡಿನ ಹಿಂದೆಯೇ ಚೊಂಬು ಹಿಡಿದವರು ಸಿಗುತ್ತಾರೆ.

1986ರಲ್ಲಿ ಕೇಂದ್ರದ್ದು ಒಂದು ಕಾರ್ಯಕ್ರಮ ಬಂತು. 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ. 2012ರಲ್ಲಿ ನಿರ್ಮಲ ಭಾರತ. 2014ರಲ್ಲಿ ಸ್ವಚ್ಛ ಭಾರತ. ಪ್ರತಿ ಸಲ ಫೋಟೋ, ಪ್ರತಿ ಸಲ ಗೋಡೆ ಬರಹ. ಕಟ್ಟಿದ್ದನ್ನು ಎಣಿಸುತ್ತಾರೆ, ಹೋಗುವವರನ್ನು ಯಾರು ಎಣಿಸುತ್ತಾರೆ?

ಒಡಿಶಾದ ಪುರಿ ಜಿಲ್ಲೆಯಲ್ಲಿ 100 ಹಳ್ಳಿ ಆರಿಸಿಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಅರ್ಧ ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿಸಿದರು. ಅಲ್ಲಿ ಶೌಚಾಲಯ ಇರುವ ಮನೆಗಳು ಸರಾಸರಿ ಶೇ 9ರಿಂದ 63ಕ್ಕೆ ಏರಿದವು. ಮಕ್ಕಳ ಭೇದಿ ಕಡಿಮೆ ಆಯ್ತಾ? ಇಲ್ಲ. ಜಂತುಹುಳ? ಅದೂ ಇಲ್ಲ.

ಅಂಗನವಾಡಿ ಅಕ್ಕ (ಕಲಬುರಗಿ ಜಿಲ್ಲೆ)

ಹೊಳೆದಂಡೆ ಅವರೇ, ನೀವು ಹೇಳಿದ ಅಧ್ಯಯನ ಶೌಚಾಲಯ ಕೆಲಸಕ್ಕೆ ಬಾರದು ಅಂತ ಹೇಳಲ್ಲ. ಊರಲ್ಲಿ ಅರ್ಧ ಜನ ಒಳಗೆ, ಅರ್ಧ ಜನ ಬಯಲಿಗೆ ಅಂದರೆ ನೊಣಕ್ಕೆ ಏನೂ ಕಷ್ಟ ಇಲ್ಲ. ಶೌಚಾಲಯ ಇರುವ ಮನೆಯ ಮಗುವಿನ ಕಾಲಿಗೂ ಓಣಿಯ ಹೊಲಸು ತಾಗುತ್ತೆ, ಅಲ್ವಾ?

ಮನೆಯೊಳಗೂ ಅರ್ಧಂಬರ್ಧವೇ. 2014ರಲ್ಲೇ ಉತ್ತರ ಭಾರತದ ಐದು ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಬಳಸುವಂಥ ಶೌಚಾಲಯ ಇದ್ದ ಮನೆಗಳಲ್ಲೂ ಶೇ 40ಕ್ಕಿಂತ ಜಾಸ್ತಿ ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಆ ಒಬ್ಬರು ಯಾರು ಅಂತ ನಾನು ಮನೆ ಮನೆ ಸುತ್ತುವಾಗ ನೋಡುತ್ತೇನೆ. ಹೆಚ್ಚಾಗಿ ಗಂಡಸರು. "ಹೊಲದ ಕಡೆ ಹೋಗಿ ಬಂದರೇ ನಮಗೆ ಸಲೀಸು" ಅನ್ನುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಯಜಮಾನರೇ, "ಎಲ್ಲರೂ ಹೋದರೆ ಗುಂಡಿ ಬೇಗ ತುಂಬುತ್ತೆ, ಸೊಸೆಯಂದಿರು ಹೋಗಲಿ" ಅಂತ ಕಾಯ್ದೆ ಮಾಡಿದ್ದಾರೆ. ಮೇಸ್ತ್ರಿ ಅಣ್ಣ ಹೇಳಿದ ಮೂರು ವರ್ಷದ ಲೆಕ್ಕ ಆ ಯಜಮಾನರಿಗೆ ಯಾರೂ ಹೇಳಿಲ್ಲ.

ಇನ್ನೊಂದು ಮಾತು, ನೀರು ಹೊರುವವರು ಯಾರು? ಆರು ಜನ ಹೋಗಿ ಬರುವ ನೀರನ್ನು ನಲ್ಲಿಯಿಂದ ತರುವವಳು ಒಬ್ಬಳೇ. ಆದ್ದರಿಂದ ಬೇಸಿನ್ ಖರೀದಿಗೆ ಹೆಂಗಸರನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲಿ ಚೆಂದ ಕಾಣುವ ಚಪ್ಪಟೆ ಬೇಸಿನ್ ಇರುತ್ತೆ, ಅದಕ್ಕೆ ಅರ್ಧ ಬಕೆಟ್ ಸುರಿದರೂ ಹೋಗಲ್ಲ. ರೂರಲ್ ಪ್ಯಾನ್ ಅಂತ ಕೇಳಿ ತನ್ನಿ. ಅದರ ಇಳಿಜಾರು ಜಾಸ್ತಿ, ಒಂದೂವರೆ ಎರಡು ಲೀಟರ್‌ಗೆ ಹೋಗುತ್ತೆ.

ಗಾರೆ ಮೇಸ್ತ್ರಿ

ಅಕ್ಕ ಹೇಳಿದ್ದು ಸರಿ. ರೂರಲ್ ಪ್ಯಾನಿನ ಟ್ರ್ಯಾಪ್, ಅಂದರೆ ಬೇಸಿನ್ ಕೆಳಗಿನ ಬಾಗಿದ ಪೈಪ್ ಕೂಡ ಬೇರೆ. ಒಳಗೆ ನೀರು ನಿಲ್ಲುವುದು 20 ಮಿಲಿಮೀಟರ್ ಮಾತ್ರ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಟ್ಟಣದ ಟ್ರ್ಯಾಪ್‌ನಲ್ಲಿ ಜಾಸ್ತಿ ನಿಲ್ಲುತ್ತೆ, ಅದನ್ನು ದಾಟಿಸಲು ಜಾಸ್ತಿ ನೀರು ಬೇಕು. ಜಾಸ್ತಿ ನೀರು ಅಂದರೆ ಗುಂಡಿಗೂ ಭಾರ.

ಕೆಂಪುಮಣ್ಣು

ಒಂದು ಡೌಟು. ನಮ್ಮಲ್ಲಿ ಎಲ್ಲಾ ಗುಂಡಿಗೂ ಗಾಳಿ ಪೈಪ್ ನಿಲ್ಲಿಸಿದ್ದಾರೆ, ವಾಸನೆ ಮನೆ ಕಡೆಗೇ ಬರುತ್ತೆ. ಪೈಪ್ ಬೇಕೇ ಬೇಕಾ?

ಹಳೇ ಸೆಕ್ಷನ್ ಆಫೀಸರ್ (ನಿವೃತ್ತ)

ಬೇಡ. ನೀರು ಇಂಗುವ ಗುಂಡಿಯಲ್ಲಿ ಗ್ಯಾಸ್ ಕೂಡ ಸುತ್ತಲಿನ ಮಣ್ಣಿಗೇ ಹೋಗುತ್ತೆ. ಬೇಸಿನ್ ಕೆಳಗೆ ಟ್ರ್ಯಾಪಿನ ನೀರು ಅಡ್ಡ ಇರುವುದರಿಂದ ವಾಸನೆ ಒಳಗೆ ಬರಲ್ಲ. ಗಾಳಿ ಪೈಪ್ ಬೇಕಾಗಿದ್ದು ಬೇರೆ ಥರದ ಶೌಚಾಲಯಕ್ಕೆ. 1970ರ ದಶಕದಲ್ಲಿ ಆಗಿನ್ನೂ ರೊಡೇಶಿಯಾ ಆಗಿದ್ದ ಜಿಂಬಾಬ್ವೆಯಲ್ಲಿ ನೀರು ಬಳಸದ ಒಣ ಗುಂಡಿಗೆ ಉದ್ದ ಪೈಪ್, ಅದರ ತುದಿಗೆ ಜಾಲರಿ ಇಡುವ ವಿನ್ಯಾಸ ಬಂತು. ಗುಂಡಿಯ ನೊಣ ಬೆಳಕು ನೋಡಿ ಪೈಪ್ ಹತ್ತಿ ಜಾಲರಿಗೆ ಸಿಕ್ಕಿ ಸಾಯುತ್ತೆ. ಒಳ್ಳೆ ಉಪಾಯ, ಆದರೆ ತೊಳೆದುಕೊಳ್ಳಲು ನೀರು ಬಳಸುವ ನಮಗಲ್ಲ. ಸೆಪ್ಟಿಕ್ ಟ್ಯಾಂಕಿಗೂ ಪೈಪ್ ಇರುತ್ತೆ, ಅದನ್ನು ನೋಡಿ ಇದಕ್ಕೂ ನಿಲ್ಲಿಸುತ್ತಾರೆ. ಕಿತ್ತು ಮುಚ್ಚಿಸಿ.

ಈಗ ಎರೆಹೊಲ ಅವರ ಪ್ರಶ್ನೆಗೆ. ಮೇಸ್ತ್ರಿಯವರ ಲೆಕ್ಕ ತುಮಕೂರಿನ ಕೆಂಪು ಮಣ್ಣಿಗೆ ಸರಿ. ಎರೆಗೆ ಸಾಲದು. ನಿಮ್ಮ ಕಡೆ ಗುಂಡಿಗಳು ಫೇಲ್ ಆಗಿರುವುದಕ್ಕೆ ಅರ್ಧ ಕಾರಣ ಇದೇ. ಒಂದೇ ನಕ್ಷೆಯನ್ನು ರಾಜ್ಯಕ್ಕೆಲ್ಲ ಹಂಚಿಬಿಟ್ಟರು.

ನೀರು ಇಂಗೋದು ಗುಂಡಿಯ ಪಕ್ಕದ ಗೋಡೆಯಿಂದ. ತಳ ಬೇಗ ಕಟ್ಟಿಕೊಳ್ಳುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮರಳು ಸೇರಿದ ಮಣ್ಣಾದರೆ ಒಂದು ಚದರ ಮೀಟರ್ ಗೋಡೆ ದಿನಕ್ಕೆ 30 ಲೀಟರ್ ಕುಡಿಯುತ್ತೆ. ಜೇಡಿ ಮಣ್ಣು ಕುಡಿಯೋದು 10 ಲೀಟರ್ ಮಾತ್ರ. ಒಂದು ಮೀಟರ್ ಗುಂಡಿಯ ಸುತ್ತಗೋಡೆ 3.14 ಚದರ ಮೀಟರ್. ಅಂದರೆ ಕೆಂಪು ಮಣ್ಣಲ್ಲಿ 94 ಲೀಟರ್ ಇಂಗುತ್ತೆ, ಎರೆಯಲ್ಲಿ 31. ಆರು ಜನರ 60 ಲೀಟರ್ ಹಾಕಿದರೆ ಅರ್ಧ ನೀರು ಒಳಗೇ ನಿಂತಿತು. ಮಳೆಗಾಲದಲ್ಲಿ ಎರೆ ಉಬ್ಬಿ ಇನ್ನೂ ಬಿಗಿಯಾಗುತ್ತೆ. ನೀವು ಹೇಳಿದ ಬೇಸಿನ್‌ನಲ್ಲಿ ನಿಲ್ಲುವ ನೀರು ಇದೇ.

ಹಾಗಂತ ಹತ್ತಡಿ ಬೇಡ. ಗುಂಡಿಯನ್ನು ಎರಡು ಅಡಿ ಅಗಲ ಜಾಸ್ತಿ ತೋಡಿಸಿ. ಒಳಗೆ ಒಂದು ಮೀಟರಿನ ಇಟ್ಟಿಗೆ ಗೋಡೆ, ಹೊರಗೆ ಸುತ್ತಲೂ ಒಂದಡಿ ದಪ್ಪ ಜಲ್ಲಿ, ದಪ್ಪ ಮರಳು ತುಂಬಿಸಿ. ಆಗ ಮಣ್ಣಿಗೆ ತಾಗುವ ಸುತ್ತು 1.6 ಮೀಟರ್ ಅಗಲದ್ದು. ಆಳ ಒಂದೂಕಾಲು ಮೀಟರ್ ಮಾಡಿದರೆ 6 ಚದರ ಮೀಟರ್‌ಗೆ ಸ್ವಲ್ಪ ಮೇಲೆ ಬರುತ್ತೆ. 60 ಲೀಟರ್ ಸರಿಹೋಯಿತು. ಬಚ್ಚಲು ನೀರನ್ನು ಮಾತ್ರ ಯಾವ ಕಾರಣಕ್ಕೂ ಇದಕ್ಕೆ ಬಿಡಬೇಡಿ. ಬಾಯಿಯನ್ನು ನೆಲಕ್ಕಿಂತ ಎತ್ತರಿಸಿ, ಸುತ್ತ ಮಣ್ಣು ಏರಿಸಿ, ಮಳೆ ನೀರು ಒಳಗೆ ಹರಿಯದ ಹಾಗೆ.

ಎರೆಹೊಲ

ಸರ್, ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಜಲ್ಲಿ, ಮರಳಿನ ಖರ್ಚು ಸೇರಿದರೆ ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಆಗಲ್ಲ ಅಲ್ವಾ?

ಹಳೇ ಸೆಕ್ಷನ್ ಆಫೀಸರ್

ಆಗಲ್ಲ. ಅದು ಪ್ರೋತ್ಸಾಹ ಧನ, ಪೂರ್ತಿ ಖರ್ಚಲ್ಲ. ಆದರೆ ಹತ್ತಡಿ ಗುಂಡಿಗೆ ಸುರಿಯುವ ಸಿಮೆಂಟಿಗಿಂತ ಕಡಿಮೆಯಲ್ಲಿ ಆಗುತ್ತೆ. ಗೋಡೆಗೆ ಟೈಲ್ಸ್ ಅಂಟಿಸುವ ದುಡ್ಡನ್ನು ಜಲ್ಲಿಗೆ ಹಾಕಿ.

ಬಯಲುಸೀಮೆ

ಎಲ್ಲರೂ ಲೀಟರ್ ಲೆಕ್ಕ ಹಾಕುತ್ತಿದ್ದೀರಿ. ಜನ ಹತ್ತಡಿ ಗುಂಡಿ ಯಾಕೆ ತೆಗೆಸುತ್ತಾರೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ತುಂಬಿದರೆ ತೆಗೆಯೋರು ಯಾರು ಅನ್ನುವ ಪ್ರಶ್ನೆ ತಮ್ಮ ಕಾಲಕ್ಕೆ ಬರಬಾರದು, ಅದಕ್ಕೆ. ಇದರಲ್ಲಿ ಲೆಕ್ಕ ತಪ್ಪಿದ್ದು ಏನೂ ಇಲ್ಲ, ಜಾತಿ ಇದೆ.

ತುಂಬಿದ ದಿನ ಯಾವ ಕೇರಿಗೆ ಹೇಳಿ ಕಳಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಕೇರಿಗೆ. ರಾತ್ರಿ ಹೊತ್ತು, ಐನೂರು ರೂಪಾಯಿ, ಒಂದು ಕ್ವಾರ್ಟರ್. ದೇವರಾಜ ಅರಸು ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ದೇಶಕ್ಕೆಲ್ಲ ಕಾನೂನು ಬಂದಿದ್ದು 1993ರಲ್ಲಿ, ಇನ್ನೂ ಬಿಗಿ ಮಾಡಿದ್ದು 2013ರಲ್ಲಿ. ನಡುವೆ 2010ರಲ್ಲಿ ಸವಣೂರಿನಲ್ಲಿ ಮಲ ಹೊರುತ್ತಿದ್ದ ಭಂಗಿ ಸಮುದಾಯದ ಕುಟುಂಬದವರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಹಾವೇರಿ ಜಿಲ್ಲೆ, ಇವರ ರೋಣದಿಂದ ದೂರ ಏನಲ್ಲ.

ಈಗ ಹಳ್ಳಿಹಳ್ಳಿಗೆ ಗುಂಡಿ ತೋಡಿಸಿ ಆಯ್ತು. ಅವು ಒಂದೊಂದಾಗಿ ತುಂಬುತ್ತಿವೆ. ಒಂದೇ ಗುಂಡಿ ಇರುವ ಪ್ರತಿ ಮನೆಯೂ ನಮ್ಮ ಹುಡುಗರಿಗೆ ಹೇಳಿ ಕಳಿಸುವ ಮನೆಯೇ.

ಅಡಿಕೆತೋಟ (ಶಿರಸಿ ಕಡೆ)

ಬಯಲುಸೀಮೆ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎರಡು ಗುಂಡಿ ಕಂಡುಹಿಡಿದಿದ್ದೇ ಆ ಕೆಲಸ ಇಲ್ಲವಾಗಲಿ ಅಂತ ಅಲ್ಲವಾ? ಬಿಂದೇಶ್ವರ ಪಾಠಕ್ 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಶುರು ಮಾಡಿ ಇದನ್ನು ಹಬ್ಬಿಸಿದ್ದೇ ಮಲ ಹೊರುವವರನ್ನು ಬಿಡಿಸುವುದಕ್ಕೆ. ಹಸಿ ಮಲವನ್ನು ಯಾರೂ ಮುಟ್ಟಬೇಕಾಗಿಲ್ಲ.

ನಮ್ಮ ಮನೆಯದನ್ನು ನಾನೇ ತೆಗೆದಿದ್ದೇನೆ. ಮುಚ್ಚಿ ಎರಡು ವರ್ಷ ಬಿಟ್ಟಿದ್ದ ಗುಂಡಿ. ಮೇಲಿನದು ಕಪ್ಪು ಮಣ್ಣು, ವಾಸನೆ ಇಲ್ಲ. ತಳದ ಒಂದು ಗೇಣು ಮಾತ್ರ ಒದ್ದೆ ಇತ್ತು, ನಮ್ಮದು ಮಲೆನಾಡು ನೋಡಿ. ಅದನ್ನು ಹರವಿ ಬಿಸಿಲಿಗೆ ಒಣಗಿಸಿದೆ. ಸಿಕ್ಕಿದ್ದರಲ್ಲಿ ಕೆಟ್ಟದ್ದು ಅಂದರೆ ಶಾಂಪೂ ಪೊಟ್ಟಣ, ಒಂದು ಬ್ಲೇಡ್, ಪ್ಯಾಡುಗಳು. ಅವು ಕೊಳೆಯಲ್ಲ. ಪ್ಯಾಡಿಗೆ ಬೇರೆ ವ್ಯವಸ್ಥೆ ಮನೆಯಲ್ಲೇ ಮಾಡಿಕೊಡಬೇಕು, ಹೆಂಗಸರನ್ನು ಬೈದರೆ ಆಗಲ್ಲ. ಗೊಬ್ಬರವನ್ನು ಅಡಿಕೆ, ಬಾಳೆ ಬುಡಕ್ಕೆ ಹಾಕಿದ್ದೇನೆ. ಸೊಪ್ಪು, ಮೂಲಂಗಿ ಮಡಿಗೆ ಹಾಕಬೇಡಿ. ಜಂತುಹುಳದ ಮೊಟ್ಟೆ ಎಲ್ಲಕ್ಕಿಂತ ಗಟ್ಟಿಪಿಂಡ.

ಬಯಲುಸೀಮೆ

ನೀವು ತೆಗೆದಿದ್ದೀರಿ, ಸಂತೋಷ. ನಿಮ್ಮೂರಲ್ಲಿ ಇನ್ನೆಷ್ಟು ಜನ ತೆಗೆದಿದ್ದಾರೆ?

ಅಡಿಕೆತೋಟ

ಕಡಿಮೆ. ಕೆಲವರು ಆಳಿಗೆ ಹೇಳಿದರು. ಅದು ಒಣ ಗೊಬ್ಬರವೇ ಆಗಿತ್ತು, ಆದರೂ ತಾವು ಮುಟ್ಟಲಿಲ್ಲ.

ಬಯಲುಸೀಮೆ

ಅಷ್ಟೇ ನಾನು ಹೇಳಿದ್ದು. 2017ರಲ್ಲಿ ಕೇಂದ್ರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಗುಂಡಿಗೆ ಇಳಿದು ಗೊಬ್ಬರ ತೆಗೆದಿದ್ದು ಸುದ್ದಿಯಾಯಿತು. ದೊಡ್ಡ ಅಧಿಕಾರಿ ತೆಗೆದರೆ ಪೇಪರಿನಲ್ಲಿ ಬರುತ್ತೆ. ತಲತಲಾಂತರ ತೆಗೆದವರ ಫೋಟೋ ಬರೋದು ಸತ್ತಾಗ. ಆದರೂ ಅವರು ಇಳಿದಿದ್ದು ಒಳ್ಳೆಯದೇ. ನಮ್ಮ ಪಂಚಾಯ್ತಿ ಸದಸ್ಯರೂ ಒಬ್ಬರು ಇಳಿಯಲಿ.

ಒಂದು ಮಾತು ಎಲ್ಲರಿಗೂ ಹೇಳುತ್ತೇನೆ. ಬಳಸುತ್ತಿರುವ ಗುಂಡಿಗೆ, ಮುಚ್ಚಿದ ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸಿಗೆ ಒಂದು ಉಸಿರು ಸಾಕು. ಎತ್ತಲು ಇಳಿದ ಎರಡನೆಯವನೂ ಹೋಗುತ್ತಾನೆ.

ಕರಾವಳಿ ಕಡೆಯವ (ಕುಂದಾಪುರ)

ನಮ್ಮ ಕಡೆ ಸಮಸ್ಯೆಯೇ ಬೇರೆ. ಐದು ಸೆಂಟ್ಸ್ ಜಾಗ, ಅದರಲ್ಲಿ ಮನೆ, ಬಾವಿ, ಗುಂಡಿ ಎಲ್ಲಾ. ಪಕ್ಕದ ಮನೆಯವರ ಬಾವಿ ನಮ್ಮ ಗುಂಡಿಗೆ ಇನ್ನೂ ಹತ್ತಿರ. ಬಾವಿಯಿಂದ ಹತ್ತು ಮೀಟರ್ ದೂರ ಇರಬೇಕು ಅಂತಾರೆ. ಮುರಕಲ್ಲಿನ ನೆಲದಲ್ಲಿ ಬಿರುಕು ಸಿಕ್ಕರೆ ನೀರು ಎಲ್ಲಿಗೆ ಬೇಕಾದರೂ ಓಡುತ್ತೆ. ಆಟಿ ತಿಂಗಳ ಮಳೆಯಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತೆ. ಆಗ ಗುಂಡಿಯೂ ಬಾವಿಯೂ ಒಂದೇ ನೀರಲ್ಲಿ.

ಹಳೇ ಸೆಕ್ಷನ್ ಆಫೀಸರ್

ನಿಮ್ಮಲ್ಲಿ ಈ ಮಾಮೂಲಿ ಗುಂಡಿ ಹಾಕಿಸಲೇಬಾರದು. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಎರಡು ಮೀಟರ್ ಮಣ್ಣು ಇರಬೇಕು. ಸ್ವಲ್ಪ ಕಡಿಮೆ ಬಿದ್ದರೆ ಗುಂಡಿಯನ್ನು ನೆಲದ ಮೇಲಕ್ಕೆ ಎತ್ತಿ ಕಟ್ಟಿ, ತಳ ಮುಚ್ಚಿ, ಸುತ್ತಲೂ ಒಂದೂವರೆ ಅಡಿ ನಯ ಮರಳು ತುಂಬುವುದು ಒಂದು ದಾರಿ. ಐದು ಸೆಂಟ್ಸಿನಲ್ಲಿ ಅದೂ ಕಷ್ಟ. ಸರಿಯಾದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ. ಸರಿಯಾದ್ದು ಅಂದರೆ ಎರಡು ಕೋಣೆ, ನೀರು ಸೋರದ್ದು. ಅದರಿಂದ ಹೊರಬರುವ ನೀರನ್ನು ಬಾವಿಗಳಿಂದ ಆದಷ್ಟು ದೂರ ಒಯ್ದು ಇಂಗಿಸಬೇಕು. ಅದಕ್ಕೆ ಜಾಗ ಇಲ್ಲದ ಕಡೆ ನಾಲ್ಕಾರು ಮನೆ ಸೇರಿ ಮಾಡಿಸಿಕೊಳ್ಳಬೇಕು. ಬಾವಿ ನೀರು ಕುದಿಸದೆ ಕುಡಿಯಬೇಡಿ.

ಹೊಳೆದಂಡೆ

ಟ್ಯಾಂಕ್ ತುಂಬಿದರೆ ಸಕ್ಕಿಂಗ್ ಗಾಡಿಯವನು ಎತ್ತಿಕೊಂಡು ಹೋಗಿ ರಾತ್ರೋರಾತ್ರಿ ಹಳ್ಳಕ್ಕೆ ಬಿಡುತ್ತಾನೆ. ದೇವನಹಳ್ಳಿಯಲ್ಲಿ 2015ರಲ್ಲಿ ಅದನ್ನು ಸಂಸ್ಕರಿಸುವ ಘಟಕ ಆಯ್ತು, ದೇಶಕ್ಕೇ ಮೊದಲನೆಯದರಲ್ಲಿ ಒಂದು. ಅಂಥದ್ದು ಹತ್ತಿರದಲ್ಲಿ ಇಲ್ಲದ ಊರಿಗೆ ಸೆಪ್ಟಿಕ್ ಟ್ಯಾಂಕ್ ಅಂದರೆ ಹೊಲಸನ್ನು ಬೇರೆಯವರ ಹೊಲಕ್ಕೆ ಕಳಿಸಿದ ಹಾಗೆ. ಆ ಲೆಕ್ಕದಲ್ಲಿ ಎರಡು ಗುಂಡಿಯೇ ವಾಸಿ ಅಂತ ನಾನೂ ಒಪ್ಪುತ್ತೇನೆ. ನನ್ನ ತಕರಾರು ಗುಂಡಿ ಮೇಲಲ್ಲ, ಫೋಟೋ ಮೇಲೆ.

ಗಾರೆ ಮೇಸ್ತ್ರಿ

ಫೋಟೋದಲ್ಲಿ ಕಾಣದ ಒಂದು ವಿಷಯ ಹೇಳುತ್ತೇನೆ. ಎರಡು ಗುಂಡಿ ಇದ್ದೂ ಕೆಟ್ಟುಹೋದ ಮನೆಗಳಲ್ಲಿ ನಾನು ಜಾಸ್ತಿ ನೋಡಿರೋದು ಚೇಂಬರಿನ ತಪ್ಪು. ಬೇಸಿನ್ನಿನಿಂದ ಪೈಪ್ ಚೇಂಬರಿಗೆ ಬಂದು, ಅಲ್ಲಿಂದ ಎರಡು ದಾರಿ ಒಡೆಯುತ್ತೆ. ಒಂದು ದಾರಿ ಮುಚ್ಚಿರಬೇಕು. ಎರಡೂ ತೆರೆದಿಟ್ಟರೆ ಎರಡೂ ಒಟ್ಟಿಗೆ ತುಂಬುತ್ತವೆ. ಇನ್ನು ಕೆಲವರು ಚೇಂಬರ್ ಕಟ್ಟಲೇ ಇಲ್ಲ. ಮೊದಲ ಗುಂಡಿಯಿಂದ ಎರಡನೆಯದಕ್ಕೆ ಪೈಪ್ ಕೊಟ್ಟು ಎರಡು ಗುಂಡಿ ಅಂತ ಬಿಲ್ ಮಾಡಿದರು. ಹಾಗೆ ಮಾಡಿದರೆ ಮೊದಲನೆಯದಕ್ಕೆ ರಜೆಯೇ ಇಲ್ಲ, ಯಾವತ್ತೂ ಹಸಿ.

ಮುಚ್ಚುವುದಕ್ಕೆ ಇಟ್ಟಿಗೆ ಇಟ್ಟು ಕೆಸರು ಮೆತ್ತಿದರೆ ಸಾಕು, ಸಿಮೆಂಟ್ ಬೇಡ. ಮುಂದೆ ಬಿಚ್ಚಬೇಕಲ್ಲ. ಮುಚ್ಚಿದ ದಿನಾಂಕವನ್ನು ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಿ. ಮನೆಯವರಿಗೆ ಯಾವುದು ನಡೆಯುತ್ತಿದೆ, ಯಾವುದು ಮುಚ್ಚಿದೆ ಅನ್ನೋದೇ ಮರೆತುಹೋಗಿರುತ್ತೆ.

ಎರೆಹೊಲ

ಅಪ್ಪನಿಗೆ 8,000 ಲೀಟರ್ ಲೆಕ್ಕ ಓದಿ ಹೇಳಿದೆ. ಗೌಂಡಿಯನ್ನು ಕರೆಸಿ ಕೇಳುತ್ತೇನೆ ಅಂದಿದ್ದಾರೆ, ನೋಡೋಣ. ಹಳೇ ಮನೆಯ ಒಂಟಿ ಗುಂಡಿಗೆ ಏನು ಮಾಡೋದು? ಹೊಸದಾಗಿ ಕಟ್ಟಿಸಬೇಕಾ? ಗಾಡಿಯವನಿಂದ ಖಾಲಿ ಮಾಡಿಸಲಾ?

ಗಾರೆ ಮೇಸ್ತ್ರಿ

ಎರಡೂ ಬೇಡ. ಅದನ್ನು ಮುಟ್ಟಬೇಡಿ. ಅದರ ಪಕ್ಕದಲ್ಲಿ, ಕಡಿಮೆ ಅಂದರೂ ಒಂದು ಮೀಟರ್ ಬಿಟ್ಟು ಇನ್ನೊಂದು ಗುಂಡಿ ತೆಗೆಸಿ, ಸರ್ ಹೇಳಿದ ಹಾಗೆ ಜಲ್ಲಿ ಹಾಕಿ. ಪೈಪ್ ನಡುವೆ ಕತ್ತರಿಸಿ ಚೇಂಬರ್ ಕಟ್ಟಿಸಿ, ಹೊಸದಕ್ಕೆ ತಿರುಗಿಸಿ. ತೂತಿಲ್ಲದ ರಿಂಗ್ ಆದ್ದರಿಂದ ಹಳೇದು ಒಣಗಲು ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು, ಅವಸರ ಮಾಡಬೇಡಿ. ಪಿಡಿಒ ಅವರನ್ನು ಒಂದು ಸಲ ವಿಚಾರಿಸಿ. ಒಂದು ಗುಂಡಿಯನ್ನು ಎರಡು ಮಾಡಿಸುವ ಅಭಿಯಾನವನ್ನು ಕೇಂದ್ರದವರು 2022ರಲ್ಲಿ ಶುರು ಮಾಡಿದ್ದರು.

ಅಂಗನವಾಡಿ ಅಕ್ಕ

ತಮ್ಮನ ಮನೆಯದಕ್ಕೆ ಒಳಗಿನಿಂದ ಚಿಲಕ, ಒಂದು ಬಲ್ಬು, ನೀರಿಗೆ ಸಣ್ಣ ತೊಟ್ಟಿ ಇವನ್ನು ಮೊದಲೇ ಹಾಕಿಸಿ. ವಯಸ್ಸಾದವರು ಇದ್ದರೆ ಗೋಡೆಗೆ ಹಿಡಿದುಕೊಳ್ಳಲು ಒಂದು ಪೈಪ್. ಆಮೇಲೆ ಮಾಡಿಸೋಣ ಅಂದರೆ ಆಗಲ್ಲ.

ಬಯಲುಸೀಮೆ

ಎರೆಹೊಲ ಅವರೇ, ಆ ಒಣ ಗೊಬ್ಬರ ತೆಗೆಯುವ ದಿನ ಸಲಿಕೆ ಯಾರು ಹಿಡಿಯುತ್ತಾರೆ ಅನ್ನೋದನ್ನೂ ಮನೆಯಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿ.

ಎರೆಹೊಲ

ನಾನು, ತಮ್ಮ ಇಬ್ಬರೂ ಇದ್ದೇವೆ. ಅಪ್ಪನ ಮುಂದೆ ಈಗಲೇ ಹೇಳಿದರೆ ಮತ್ತೆ ಹತ್ತಡಿಗೆ ಹೋಗುತ್ತಾರೆ. ಗುಂಡಿ ಕಟ್ಟಿ ಮುಗಿಯಲಿ, ಹೇಳುತ್ತೇನೆ.